ಗಾಲಿಗೆ ಹತ್ತಿದ ಮಣ್ಣು

ಹೋದ ವರ್ಷದ ಮುಂಗಾರು. ಆಲೂಗಡ್ಡೆ ಹೊಲಗಳಿಗೆ ಮಣ್ಣು ಏರಿಸಿ ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಕಾಕಾ ಫೋನ್ ಮಾಡಿದರು. ಕಾಕಾ ನನ್ನ ಸಂಬಂಧಿಕರಲ್ಲ. ಅಕ್ಕನ ಊರಿನ ಹಿರಿಯ ರೈತರು, ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಯಾವತ್ತೂ ಮೊದಲು ನನ್ನ ಕ್ಷೇಮ ಕೇಳಿ ಆಮೇಲೆ ಮಾತಿಗೆ ಬರುವವರು ಅವತ್ತು ಏನನ್ನೂ ಕೇಳಲಿಲ್ಲ.

"ಗಿಡ ಬಾಡಾಕತ್ತಾವು. ನಿನ್ನ ಮಶಿನ್ ಬೇರು ಕಡದೈತಿ. ಬಂದ ನೋಡ್ಕೊಂಡ ಹೋಗು."

ನನ್ನೂರು ಐನಾಪುರ. ದ್ರಾಕ್ಷಿ ಸಾಲುಗಳ ನಡುವೆ ನುಗ್ಗುವಂಥ ಚಿಕ್ಕ ಟ್ರ್ಯಾಕ್ಟರ್ ನನ್ನದು. ತೋಟಗಳಲ್ಲಿ ಅದಕ್ಕೆ ಕೆಲಸ ಕಡಿಮೆ ಇರುವ ಮಳೆಗಾಲದ ವಾರಗಳಲ್ಲಿ ಪಿಕಪ್ ಮೇಲೆ ಹೇರಿಕೊಂಡು ಅಕ್ಕನ ಊರಿಗೆ ಬರುತ್ತೇನೆ. ಚಿಕ್ಕೋಡಿಗೂ ನಿಪ್ಪಾಣಿಗೂ ನಡುವೆ ಇರುವ ಊರು. ಅಲ್ಲಿನ ಕೆಂಪು ಮಣ್ಣಿನಲ್ಲಿ ಕೆಲವರು ಆಲೂಗಡ್ಡೆ ನೆಡುತ್ತಾರೆ. ನೆಟ್ಟ ಇಪ್ಪತ್ತೈದು ಮೂವತ್ತು ದಿನಕ್ಕೆ ಗಿಡದ ಬುಡಕ್ಕೆ ಮಣ್ಣು ಏರಿಸಬೇಕು, ಇಲ್ಲದಿದ್ದರೆ ಗಡ್ಡೆ ಹೊರಗೆ ಬಂದು ಬಿಸಿಲಿಗೆ ಹಸಿರಾಗುತ್ತದೆ. ಸಲಿಕೆ ಹಿಡಿಯುವ ಆಳುಗಳು ಆ ದಿನಗಳಲ್ಲಿ ಸಿಗುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ರಿಜರ್ ಕಟ್ಟಿಕೊಂಡು ಹೋದರೆ ಅದರ ಎರಡು ರೆಕ್ಕೆಗಳು ಸಾಲಿನ ಮಣ್ಣನ್ನು ಸೀಳಿ ಎರಡೂ ಬದಿಯ ಗಿಡಗಳ ಬುಡಕ್ಕೆ ತಳ್ಳುತ್ತವೆ. ಆ ವರ್ಷ ಐದು ಹೊಲ ಒಪ್ಪಿಕೊಂಡಿದ್ದೆ. ನಾಲ್ಕು ಮುಗಿದಿದ್ದವು. ಐದನೆಯದು ತಡವಾಗಿ ನೆಟ್ಟದ್ದು, ಅದಕ್ಕಾಗಿ ಕಾಯುತ್ತಾ ಅಲ್ಲೇ ಉಳಿದಿದ್ದೆ.

ಕಾಕಾನ ಹೊಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಗಳು ತಲೆ ಬಗ್ಗಿಸಿದ್ದವು. ಎಲೆ ಹಳದಿಯಾಗಿರಲಿಲ್ಲ, ಚುಕ್ಕೆ ಇರಲಿಲ್ಲ, ಹುಳ ಇರಲಿಲ್ಲ. ಹಚ್ಚಗೆ ಇದ್ದ ಹಾಗೇ ಜೋತುಬಿದ್ದಿದ್ದವು, ಕಿತ್ತು ಬಿಸಿಲಿಗೆ ಹಾಕಿದ ಪಲ್ಯದ ಹಾಗೆ. ಮೂರು ದಿನದಿಂದ ಹೀಗೇ, ಬೆಳಿಗ್ಗೆ ತಂಪಿಗೆ ಎದ್ದು ನಿಲ್ಲುತ್ತಿದ್ದವು, ಇವತ್ತು ಏಳಲೇ ಇಲ್ಲ ಎಂದರು ಕಾಕಾ. ನಾನು ಮಂಡಿಯೂರಿ ಕೂತು ಒಂದು ಗಿಡದ ಬುಡ ಬಗೆದೆ. ಬೇರು ಕಡಿದಿರಲಿಲ್ಲ. ಇನ್ನೊಂದು ಬಗೆದೆ, ಮತ್ತೊಂದು. ಎಲ್ಲ ಬೇರೂ ನೆಟ್ಟಗಿದ್ದವು. ಕೈ ಒರೆಸಿಕೊಂಡು, ನೋಡ್ರಿ ಕಾಕಾ, ನನ್ನ ತಪ್ಪಿಲ್ಲ ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹಗುರವಾಗಿತ್ತು ಎಂಬುದು ಇವತ್ತಿಗೂ ನೆನಪಿದೆ.

ಆ ಹಗುರ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಕಾಕಾನ ಹೊಲದ ಮೇಲ್ಬದಿಗೆ ನಿವೃತ್ತ ಮಾಸ್ತರರೊಬ್ಬರ ಹೊಲವಿದೆ. ಅಲ್ಲಿ ಇದಕ್ಕಿಂತ ಹೆಚ್ಚು ಗಿಡಗಳು ಬಾಡಿದ್ದವು, ಅವರು ಯಾರಿಗೂ ಹೇಳಿರಲಿಲ್ಲ. ಸಂಜೆಗೆ ಇಬ್ಬರು ಅಣ್ಣತಮ್ಮಂದಿರ ಹೊಲದಿಂದಲೂ ಸುದ್ದಿ ಬಂತು. ಅವರದು ದಾರಿಯ ಆಚೆಗೆ, ಏರಿನ ಮೇಲಿದೆ. ಕಾಕಾನ ಹೊಲದ ನೀರು ಅಲ್ಲಿಗೆ ಹರಿಯುವ ಹಾಗಿಲ್ಲ. ಮೂರು ಹೊಲಕ್ಕೂ ಏನು ಸಂಬಂಧ ಎಂದು ಎಲ್ಲರೂ ಮಾತಾಡಿಕೊಂಡರು. ಬೀಜದ ಮೇಲೆ ಅನುಮಾನ ಬಂತು, ಆದರೆ ಮೂವರೂ ಬೇರೆ ಬೇರೆ ಕಡೆಯಿಂದ ಬೀಜ ತಂದಿದ್ದರು. ಯಾರೋ ಮರ ರೋಗ ಎಂದರು. ಮರಾಠಿಯಲ್ಲಿ ಸೊರಗು ರೋಗಕ್ಕೆ ಹಾಗೆನ್ನುತ್ತಾರೆ. ಕಾಕಾ ಅಂಗಡಿಯಿಂದ ಯಾವುದೋ ಔಷಧಿ ತಂದು ಬುಡಕ್ಕೆ ಸುರಿದರು. ಏನೂ ಆಗಲಿಲ್ಲ.

ಮೂರನೇ ದಿನ ತೋಟಗಾರಿಕೆ ಇಲಾಖೆಯ ಅಧಿಕಾರಿ ಬಂದರು. ವಿಜಯಪುರದ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಕಾಕಾನ ಮನೆಯಿಂದ ಒಂದು ಗಾಜಿನ ಗ್ಲಾಸು ತರಿಸಿ ತಾವೇ ತಿಕ್ಕಿ ತೊಳೆದು, ತಮ್ಮ ಬಾಟಲಿಯ ನೀರು ತುಂಬಿದರು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಚಾಕುವಿನಿಂದ ಕೊಯ್ದು, ಬೆರಳುದ್ದದ ತುಂಡನ್ನು ಕಡ್ಡಿಗೆ ಚುಚ್ಚಿ ಗ್ಲಾಸಿನ ಬಾಯಿಗೆ ಅಡ್ಡ ಇಟ್ಟರು. ಕೊಯ್ದ ತುದಿ ಮಾತ್ರ ನೀರಿಗೆ ಮುಟ್ಟುತ್ತಿತ್ತು. ಯಾರೂ ಅಲುಗಾಡಿಸಬ್ಯಾಡ್ರಿ ಎಂದರು. ನಾವು ಏಳೆಂಟು ಜನ ಸುತ್ತ ಬಗ್ಗಿ ನಿಂತೆವು. ಎರಡು ಮೂರು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಾಂಡದ ತುದಿಯಿಂದ ಹಾಲಿನಂಥ ಬಿಳಿ ಎಳೆಯೊಂದು ಇಳಿಯತೊಡಗಿತು. ದಾರದಷ್ಟು ಸಣ್ಣದು. ನೇರ ತಳಕ್ಕೆ ಹೋಗಿ ಅಲ್ಲಿ ಮಂಜಿನ ಹಾಗೆ ಹರಡಿತು.

ಆ ಎಳೆಯೇ ರೋಗ ಎಂದರು ಮೇಡಂ. ಕಣ್ಣಿಗೆ ಕಾಣದ ದುಂಡಾಣು, ಮಣ್ಣಿನಲ್ಲಿದ್ದು ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಬೇರು ಚೆನ್ನಾಗಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಒಂದು ಎಳೆಗಡ್ಡೆಯನ್ನು ಅಡ್ಡ ಸೀಳಿ ತೋರಿಸಿದರು. ಸಿಪ್ಪೆಯ ಒಳಗೆ ಕಂದು ಬಣ್ಣದ ಬಳೆ ಇತ್ತು. ಒತ್ತಿದಾಗ ಅದರಿಂದ ಅಂಟು ಜಿನುಗಿತು. ಇದಕ್ಕೆ ಔಷಧಿ ಯಾವುದು ಎಂದು ಕಾಕಾ ಕೇಳಿದರು. ಹತ್ತಿದ ಗಿಡಕ್ಕೆ ಇಲ್ಲ ಎಂದರು ಮೇಡಂ. ಹತ್ತದ ಗಿಡ ಉಳಿಸಿಕೊಳ್ಳುವುದಷ್ಟೇ ಈಗ ಕೈಯಲ್ಲಿರುವುದು.

ಆಮೇಲೆ ಅವರು ಪ್ರಶ್ನೆ ಕೇಳತೊಡಗಿದರು. ಹಿಂದಿನ ಬೆಳೆ ಏನು, ನೀರು ಎಲ್ಲಿಂದ, ಬೀಜ ಕತ್ತರಿಸಿದ ಚಾಕು ಯಾರದು. ಕೊನೆಗೆ ಕೇಳಿದರು:

"ಮಣ್ಣು ಏರಿಸಿದ ಮಶಿನ್ ಯಾರದ್ರಿ?"

ಕಾಕಾ ನನ್ನ ಕಡೆ ನೋಡಿದರು. ಯಾವ ಹೊಲದ ನಂತರ ಯಾವ ಹೊಲಕ್ಕೆ ಹೋಗಿದ್ದೆ ಎಂದು ಮೇಡಂ ನನ್ನನ್ನು ಕೇಳಿದರು. ಬೆರಳು ಮಡಚುತ್ತಾ ಒಂದೊಂದಾಗಿ ಹೇಳಿದೆ. ಮೊದಲು ಮಾಸ್ತರರ ಹೊಲ, ಆಮೇಲೆ ಕಾಕಾನದು, ಆಮೇಲೆ ಅಣ್ಣತಮ್ಮಂದಿರದು. ಗಿಡ ಬಾಡಿದ್ದೂ ಅದೇ ಕ್ರಮದಲ್ಲಿ, ಮೊದಲನೆಯದರಲ್ಲಿ ಹೆಚ್ಚು, ಮೂರನೆಯದರಲ್ಲಿ ಕಡಿಮೆ. ನಾಲ್ಕನೆಯದು ನನ್ನ ಅಕ್ಕನ ಹೊಲ. ಅಲ್ಲಿ ಇನ್ನೂ ಒಂದೂ ಗಿಡ ಬಾಡಿರಲಿಲ್ಲ.

ದಾರಿಯ ಬದಿಗೆ ನಿಲ್ಲಿಸಿದ್ದ ನನ್ನ ಟ್ರ್ಯಾಕ್ಟರಿನ ಹತ್ತಿರ ಹೋಗಿ ಮೇಡಂ ಒಂದು ಕಡ್ಡಿಯಿಂದ ರಿಜರಿನ ರೆಕ್ಕೆಯ ಹಿಂಬದಿ ಕೆರೆದರು. ಒಣಗಿದ ಕೆಂಪು ಮಣ್ಣು ಹೆಂಚಿನ ಹಾಗೆ ಎದ್ದು ಬಂತು. ಒಂದರ ಮೇಲೊಂದು ಪದರ. ಮಣ್ಣು ಏರಿಸುವಾಗ ನೆಲ ಹಸಿಯಾಗಿತ್ತು, ಗಾಲಿಯ ಹಲ್ಲುಗಳಲ್ಲೂ ಹಾಗೇ ಕೂತಿತ್ತು. ಅವರು ನನ್ನನ್ನು ಬೈಯಲಿಲ್ಲ. ತೊಳೆಯದೆ ಇದನ್ನು ಇನ್ನೊಂದು ಹೊಲಕ್ಕೆ ಇಳಿಸಬೇಡಿ ಎಂದಷ್ಟೇ ಹೇಳಿದರು. ನಿಪ್ಪಾಣಿಯಲ್ಲಿ ಅವರಿಗೆ ಬೇರೆ ಕೆಲಸವಿತ್ತು, ನಾಡಿದ್ದು ಬರುತ್ತೇನೆಂದು ಹೊರಟರು.

ಆ ಹೊತ್ತಿಗೆ ನನಗಿದ್ದದ್ದು ಒಂದೇ ಆತುರ, ಆ ಮಣ್ಣನ್ನು ನನ್ನ ಯಂತ್ರದಿಂದ ಕಳೆಯಬೇಕು. ಇಳಿಹೊತ್ತಿಗೆ ಟ್ರ್ಯಾಕ್ಟರನ್ನು ಹಳ್ಳಕ್ಕೆ ಒಯ್ದೆ. ಆ ಊರಿನವರು ಎತ್ತು, ಗಾಡಿ, ಟ್ರ್ಯಾಕ್ಟರ್ ಎಲ್ಲವನ್ನೂ ತೊಳೆಯುವುದು ಅಲ್ಲೇ. ಮಳೆ ಹೋಗಿ ಹತ್ತು ದಿನವಾಗಿತ್ತು, ಮರಳಿನ ಚೀಲಗಳ ಒಡ್ಡು ಹಾಕಿದ್ದರಿಂದ ನೀರು ಮೊಣಕಾಲುದ್ದ ನಿಂತಿತ್ತು. ಕಬ್ಬಿಣದ ಪಟ್ಟಿಯಿಂದ ಕೆರೆದೆ, ತೆಂಗಿನ ನಾರಿನಿಂದ ತಿಕ್ಕಿದೆ, ಗಾಲಿಯ ಒಂದೊಂದು ಸಂದಿಯನ್ನೂ ಬೆರಳು ಹಾಕಿ ಸ್ವಚ್ಛ ಮಾಡಿದೆ. ನೀರು ಕೆಂಪಾಗಿ ಕೆಳಗೆ ಸರಿಯಿತು. ಮನೆಗೆ ಬಂದಾಗ ಅಕ್ಕ, ಹೊಸಾದು ತಂದಂಗ ಕಾಣ್ತೇತಿ ಎಂದಳು. ಅವತ್ತು ಹೊಟ್ಟೆ ತುಂಬ ಉಂಡೆ.

ಮರುದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿ ಐದನೇ ಹೊಲದ ಬಗ್ಗೆ ಕೇಳಿದರು. ಚಿಂತಿ ಮಾಡಬ್ಯಾಡ್ರಿ, ಹಳ್ಳಕ್ಕೆ ಒಯ್ದು ಎಲ್ಲ ತೊಳೆದೇನಿ ಎಂದೆ. ಮೇಡಂ ಕೇಳಿದರು:

"ಆ ಹಳ್ಳದ ನೀರು ಕೆಳಗ ಯಾರ ಹೊಲಕ್ಕ ಹೋಗ್ತೇತ್ರಿ?"

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಒಡ್ಡಿನ ಕೆಳತುದಿಯಲ್ಲಿ, ಅದೇ ನಿಂತ ನೀರಿನಲ್ಲಿ, ಒಂದು ಪಂಪಿನ ಪೈಪು ಇಳಿದಿತ್ತು. ಅದು ಹೋಗುತ್ತಿದ್ದದ್ದು ಐದನೇ ಹೊಲಕ್ಕೇ. ಯಾವ ಹೊಲಕ್ಕೆ ರೋಗ ಒಯ್ಯಬಾರದೆಂದು ಸಂಜೆಯೆಲ್ಲ ತಿಕ್ಕಿದ್ದೆನೋ ಅದೇ ಹೊಲ.

ಅದರ ಒಡತಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು. ಅಕ್ಕನ ಗೆಳತಿ, ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಮೂವತ್ತು ಗುಂಟೆಯನ್ನು ಶಾಲೆಯ ಕೆಲಸದ ಆಚೀಚೆ ತಾನೇ ನೋಡಿಕೊಳ್ಳುತ್ತಿದ್ದಳು, ಅದಕ್ಕೇ ನೆಡುವುದು ತಡವಾಗಿತ್ತು. ಫೋನ್ ಮಾಡಿದೆ. ಎತ್ತಲಿಲ್ಲ. ಅಡುಗೆಯ ಹೊತ್ತು. ಮತ್ತೆ ಮಾಡಿದೆ. ಅಕ್ಕನ ಗಂಡ, ಮಾವನ ಬೈಕು ತೆಗೆದುಕೊಂಡು ಹೊಲದ ಕಡೆ ಹೊರಟೆ. ದಾರಿಯುದ್ದಕ್ಕೂ ಇವತ್ತು ಕರೆಂಟ್ ಬಂದಿರಬಾರದು ಎಂದುಕೊಳ್ಳುತ್ತಿದ್ದೆ. ಹಳ್ಳದ ತಿರುವಿಗೆ ಬರುವ ಮೊದಲೇ ಮೋಟಾರಿನ ಸದ್ದು ಕೇಳಿತು.

ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುವ ಸ್ಟಾರ್ಟರ್ ಹಾಕಿಸಿದ್ದಳು. ಡಬ್ಬಿಗೆ ಬೀಗ. ಮೋಟಾರು ನಿಲ್ಲಿಸುವ ದಾರಿ ಕಾಣದೆ ನೀರಿಗಿಳಿದು ಪೈಪನ್ನೇ ಎಳೆದು ಮೇಲೆತ್ತಿದೆ. ಮೋಟಾರು ಗಾಳಿ ಎಳೆದು ಗೊರಗೊರ ಎಂದಿತು, ಹೊಲದ ಕಡೆ ನೀರು ನಿಂತಿತು. ಓಡಿಹೋಗಿ ನೋಡಿದೆ. ಎರಡು ಸಾಲು ಪೂರ್ತಿ ತುಂಬಿದ್ದವು, ಮೂರನೆಯದರಲ್ಲಿ ನೀರು ಅರ್ಧದವರೆಗೆ ಹೋಗಿತ್ತು. ಕೈಯಿಂದಲೇ ಮಣ್ಣು ಬಾಚಿ ಸಾಲಿನ ಬಾಯಿ ಕಟ್ಟಿದೆ.

ಅಲ್ಲಿ ಯಾರೂ ಇರಲಿಲ್ಲ. ಪೈಪನ್ನು ಹೊರಗೆ ಬಿಟ್ಟು ಹೋದರೆ ಮೋಟಾರು ಕೆಟ್ಟಿತ್ತೆಂದು ತಿಳಿದುಕೊಳ್ಳುತ್ತಾಳೆ. ಗಿಡ ಬಾಡಿದರೆ ಊರಿನಲ್ಲಿ ಹೇಗೂ ರೋಗ ಇದೆ, ನನ್ನ ಟ್ರ್ಯಾಕ್ಟರ್ ಆ ಹೊಲಕ್ಕೆ ಇಳಿದೇ ಇಲ್ಲ, ನನ್ನ ಹೆಸರು ಬರುವುದೇ ಇಲ್ಲ. ಇದೆಲ್ಲ ನಾನು ಯೋಚಿಸಿದ್ದು ನಿಜ. ಕೆಸರುಗೈಯಲ್ಲಿ ಬದುವಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಆದರೆ ಹೇಳದಿದ್ದರೆ ನಾಳೆ ಅವಳು ಮತ್ತೆ ಪೈಪು ಇಳಿಸುತ್ತಾಳೆ. ಅವಳೊಬ್ಬಳೇ ಅಲ್ಲ, ಆ ನೀರು ಮೆಣಸಿನಕಾಯಿ ಬೆಳೆದವರಿಗೂ ಹೋಗುತ್ತಿತ್ತು. ಎದ್ದು ಶಾಲೆಗೆ ಹೋದೆ.

ಅನ್ನದ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಳು. ನನ್ನ ಮೈಮೇಲಿನ ಕೆಸರು ನೋಡಿ, ಕಾಯ ಝಾಲಂ ದಾದಾ, ಏನಾತು ಎಂದು ಕೇಳಿದಳು. ಗ್ಲಾಸಿನಲ್ಲಿ ಕಂಡ ಎಳೆಯಿಂದ ಹಿಡಿದು ಎಲ್ಲ ಹೇಳಿದೆ. ಹಳ್ಳದಲ್ಲಿ ತೊಳೆದವನು ನಾನು ಎಂದೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಎಷ್ಟ ಸಾಲಿಗೆ ಹೋಗೇತಿ?"

"ಎರಡು ಪೂರಾ. ಮೂರನೇದು ಅರ್ಧ."

"ಮಕ್ಕಳ ಊಟ ಆಗಲಿ, ಬರ್ತೀನಿ. ಅಲ್ಲೀತನಕ ಹೊಲದಾಗ ಕುಂದರು. ಯಾರನ್ನೂ ಒಳಗ ಬಿಡಬ್ಯಾಡ."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡು ತಾಸು ಬಿಸಿಲಿನಲ್ಲಿ ಆ ಹೊಲ ಕಾದೆ. ನೀರು ನಿಂತ ಸಾಲುಗಳು ಇಂಗುವುದನ್ನೇ ನೋಡುತ್ತಿದ್ದೆ. ಅವಳು ಸಲಿಕೆ ಹಿಡಿದುಕೊಂಡೇ ಬಂದಳು. ಆ ಮೂರು ಸಾಲಿಗೆ ಆಚೆಯ ಇನ್ನೆರಡು ಒಣ ಸಾಲನ್ನೂ ಸೇರಿಸಿ, ಸುತ್ತ ಬದು ಏರಿಸಿದಳು. ನಾನು ಇನ್ನೊಂದು ಕಡೆಯಿಂದ ಏರಿಸಿದೆ. ಮುಗಿದ ಮೇಲೆ, ಉಳಿದ ಹೊಲಕ್ಕೆ ಟ್ರ್ಯಾಕ್ಟರ್ ಬೇಡ, ಕೈಯಿಂದಲೇ ಮಣ್ಣು ಹಾಕುತ್ತೇನೆ ಎಂದಳು. ನಾನು ಬರ್ತೀನಿ ಎಂದೆ. ಅವಳು, ಕಾಲು ತೊಳಕೊಂಡ ಬಾ ಎಂದಳು.

ಐದು ದಿನ ಸಲಿಕೆ ಹಿಡಿದೆ. ಹೊಲದ ಬಾಯಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಅಗಲ ಬೋಗುಣಿ, ಒಳಗೆ ಹೋಗುವಾಗ ಹೊರಗೆ ಬರುವಾಗ ಅದರಲ್ಲಿ ಕಾಲದ್ದಬೇಕು. ಮೊದಲು ಕೆಸರು ಕೆರೆದು ತೆಗೆಯಬೇಕು, ಕೆಸರಿನ ಮೇಲೆ ಆ ನೀರು ಹಾಕಿದರೆ ಒಳಗಿನ ರೋಗಕ್ಕೆ ಅದು ಮುಟ್ಟುವುದೇ ಇಲ್ಲ ಎಂದು ಮೇಡಂ ಹೇಳಿಕೊಟ್ಟಿದ್ದರು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದವು. ಸೀಟಿನ ಮೇಲೆ ಕೂತು ಅರ್ಧ ದಿನದಲ್ಲಿ ಮುಗಿಸುತ್ತಿದ್ದ ಕೆಲಸ.

ಆ ಐದು ದಿನಗಳ ನಡುವೆಯೇ ಒಂದು ಸಂಜೆ ಎಲ್ಲರೂ ಕಾಕಾನ ದನದ ಕೊಟ್ಟಿಗೆಯ ಮುಂದೆ ಸೇರಿದೆವು. ಮೇಡಂ ಬಂದಿದ್ದರು. ನಾನೇ ಮೊದಲು ಮಾತಾಡಿದೆ. ಯಾವ ಹೊಲದಿಂದ ಯಾವ ಹೊಲಕ್ಕೆ ಹೋದೆ, ಎಲ್ಲಿ ತೊಳೆದೆ, ಎಲ್ಲ. ಅಣ್ಣತಮ್ಮಂದಿರಲ್ಲಿ ಚಿಕ್ಕವನು ಎದ್ದು ಹೋದ. ಕಾಕಾ ಕೂತಲ್ಲೇ ಹೇಳಿದರು:

"ನನ್ನ ಹೊಲದಾಗ ಇಷ್ಟ ವರ್ಷ ಈ ರೋಗ ಇರಲಿಲ್ಲ. ನೀ ತಂದಿ. ಇನ್ನ ಮ್ಯಾಲೆ ನನ್ನ ಬದು ತುಳೀಬ್ಯಾಡ."

ಹೌದ್ರಿ ಎಂದೆ. ಆಗ ಮಾಸ್ತರರು ಮಾತಾಡಿದರು, ನೆಲ ನೋಡುತ್ತಲೇ. ಹಿಂದಿನ ವರ್ಷ ಅವರ ಟೊಮ್ಯಾಟೊ ಗಿಡಗಳೂ ಹೀಗೇ ಹಚ್ಚಗಿದ್ದು ಬಾಡಿ ಸತ್ತಿದ್ದವಂತೆ. ನೀರು ಕಡಿಮೆಯಾಗಿರಬೇಕು ಅಂದುಕೊಂಡು ಕಿತ್ತು ಬದುವಿನ ಮೇಲೆ ಎಸೆದಿದ್ದರು. ಆಲೂಗಡ್ಡೆ ಬಾಡಿದಾಗ ಅವರಿಗೆ ಅನುಮಾನ ಬಂದಿತ್ತು, ಹೇಳಲು ನಾಚಿಕೆಯಾಗಿತ್ತು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ತಂಬಾಕು, ಆಲೂಗಡ್ಡೆ, ಇವಕ್ಕೆಲ್ಲ ಅದೇ ರೋಗ ಎಂದರು ಮೇಡಂ. ಹತ್ತಿದ ಹೊಲದಲ್ಲಿ ಎರಡು ಮೂರು ವರ್ಷ ಇವು ಯಾವುದೂ ಬೇಡ, ಜೋಳ, ಗೋವಿನಜೋಳ, ಕಬ್ಬು ಹಾಕಿ. ನಿಪ್ಪಾಣಿಯ ಸುತ್ತ ತಂಬಾಕು ಬೇಡ ಎಂದರೆ ಸಣ್ಣ ಮಾತಲ್ಲ.

ಆಮೇಲೆ ಕಾಯುವ ದಿನಗಳು. ಹಳ್ಳದ ಒಡ್ಡಿನ ನೀರನ್ನು ಕಬ್ಬಿಗಷ್ಟೇ ಬಿಡಬೇಕೆಂದು ಊರಿನವರು ಮಾತಾಡಿಕೊಂಡರು. ಬಾಡಿದ ಗಿಡಗಳನ್ನು ಬುಡದ ಮಣ್ಣಿನ ಸಮೇತ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗುಂಡಿಗೆ ಬ್ಲೀಚಿಂಗ್ ಪುಡಿ ಉದುರಿಸುತ್ತಿದ್ದರು. ನಾನು ದಿನಾ ಮಟಮಟ ಮಧ್ಯಾಹ್ನ ಅಕ್ಕನ ಹೊಲಕ್ಕೆ ಹೋಗಿ ಸಾಲು ಸಾಲಾಗಿ ನೋಡುತ್ತಿದ್ದೆ. ಬಿಸಿಲಿನಲ್ಲೇ ಅದು ತಿಳಿಯುವುದು. ಒಂದು ಎಲೆ ಮಡಚಿಕೊಂಡಿದ್ದರೂ ಮಂಡಿಯೂರಿ ಬುಡದವರೆಗೂ ನೋಡುತ್ತಿದ್ದೆ. ಕೊನೆಗೊಂದು ದಿನ ಕಂಡಿತು, ಟ್ರ್ಯಾಕ್ಟರ್ ಬದು ಇಳಿದು ಹೊಲಕ್ಕೆ ಹೊಕ್ಕ ಜಾಗದಲ್ಲೇ ಒಂದು ಗಿಡ. ಮುಂದಿನ ದಿನಗಳಲ್ಲಿ ಅಲ್ಲಿಂದ ಮೊದಲ ನಾಲ್ಕು ಸಾಲಿನಲ್ಲಿ ಒಟ್ಟು ಹದಿನೇಳು. ಅಕ್ಕ ಚೀಲ ಹಿಡಿದು ಒಂದೊಂದನ್ನೇ ಎತ್ತಿದಳು. ಮಾವ, ತಿಳಿದು ಮಾಡಿದ್ದಲ್ಲ ಬಿಡು ಎಂದು ಎರಡು ಮೂರು ಸಲ ಹೇಳಿದರು. ತಿಳಿಯದೆ ಮಾಡಿದ್ದೇ ನನ್ನನ್ನು ಕೊರೆಯುತ್ತಿತ್ತು. ಎಷ್ಟು ವರ್ಷ, ಎಷ್ಟು ತೋಟ, ಎಷ್ಟು ಹೊಲ, ಒಂದರಿಂದ ಒಂದಕ್ಕೆ ಹೀಗೇ ಹೋಗಿದ್ದೆ. ನಮ್ಮೂರ ಕಡೆಯ ದ್ರಾಕ್ಷಿ ತೋಟಗಳಲ್ಲಿ ನಾನು ಏನು ಬಿಟ್ಟು ಬಂದಿದ್ದೆನೋ ಯಾರಿಗೆ ಗೊತ್ತು.

ಐನಾಪುರಕ್ಕೆ ಮರಳಿದ ಮೇಲೂ ಬೆಳಿಗ್ಗೆ ವೈನಿಗೆ ಫೋನ್ ಮಾಡದೆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಸುತ್ತ ಬದು ಹಾಕಿದ ಮೂಲೆಯಲ್ಲಿ ಮೂರನೇ ವಾರ ಗಿಡ ಬಾಡಿದವು, ನೀರು ತುಂಬಿದ ಎರಡು ಸಾಲಿನಲ್ಲಿ. ಬದುವಿನ ಆಚೆಗೆ ಬರಲಿಲ್ಲ. ಪ್ರತಿ ಮಳೆ ಬಂದಾಗಲೂ ಈಗ ದಾಟಿತು, ಈಗ ದಾಟಿತು ಎಂದು ಇಬ್ಬರೂ ಕಾದೆವು.

ವೈನಿ ಗಡ್ಡೆ ಕೀಳುವ ದಿನ ನಾನು ಹೋಗಿದ್ದೆ. ಚೊಕ್ಕ ಇದ್ದ ಕಡೆಯಿಂದ ಶುರು ಮಾಡಿಸಿ, ಆ ಮೂಲೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅಲ್ಲಿಗೆ ಆಳುಗಳನ್ನು ಬಿಡದೆ ತಾನೊಬ್ಬಳೇ ಇಳಿದಳು. ಮೊದಲು ಬದುವಿನ ಹೊರಗಿನ ಗಡ್ಡೆಗಳನ್ನು ಸೀಳಿ ನೋಡಿದಳು. ಹತ್ತು, ಹನ್ನೆರಡು. ಎಲ್ಲವೂ ಬೆಳ್ಳಗಿದ್ದವು. ಬದುವಿನ ಒಳಗಿನದನ್ನು ಸೀಳಿದಳು, ಕಂದು ಬಳೆ. ಎರಡು ಹೋಳನ್ನೂ ನನಗೆ ತೋರಿಸಿ, "ಇಷ್ಟ ಹೋತು. ಇಷ್ಟಕ್ಕ ನಿಂತೇತಿ," ಎಂದಳು. ಕಾಕಾನ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅವರ ಬದು ತುಳಿಯದೆ ದಾರಿಯಲ್ಲೇ ನಿಂತು ನೋಡಿದೆ. ಅವರು ಮುಖ ತಿರುಗಿಸಿದರು.

ಈಗ ನನ್ನ ಕೆಲಸದ ರೀತಿ ಬೇರೆ. ಪಿಕಪ್ಪಿನಲ್ಲಿ ಒಂದು ನೀರಿನ ಡ್ರಮ್ಮು, ಕೆರೆಯುವ ಪಟ್ಟಿ, ಗಟ್ಟಿ ಬ್ರಷ್, ಬೆನ್ನಿಗೆ ಕಟ್ಟುವ ಪಂಪು ಇರುತ್ತವೆ. ಪ್ರತಿ ಹೊಲ ಮುಗಿದ ಮೇಲೆ ಅದೇ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಅದರ ಮೇಲೆ ನಿಲ್ಲಿಸಿ ತೊಳೆಯುತ್ತೇನೆ. ನೀರು ಅಲ್ಲೇ ಇಂಗಬೇಕು. ಇದಕ್ಕೆ ಒಂದು ತಾಸು ಹಿಡಿಯುತ್ತದೆ. ಅಷ್ಟು ಹೊತ್ತು ಕಾಯಲಾರದೆ ಕೆಲವರು ಬೇರೆಯವರನ್ನು ಕರೆದರು. ರೋಗವಿಲ್ಲದ ಹೊಲಗಳಿಗೆ ಮೊದಲು, ರೋಗ ಬಂದ ಹೊಲಗಳಿಗೆ ಕೊನೆಗೆ, ಇದೂ ಒಂದು ನಿಯಮ ಮಾಡಿಕೊಂಡೆ. ಅದನ್ನು ರೋಗ ಬಂದವರ ಮುಖಕ್ಕೆ ಹೇಳುವುದು ಕಷ್ಟ. ನಿನ್ನ ಹೊಲ ಕೆಟ್ಟಿದೆ, ಮೊದಲು ಎಲ್ಲರದೂ ಮುಗಿಯಲಿ ಎಂದ ಹಾಗೆ. ಅದರಲ್ಲೂ ಕೆಡಿಸಿದವನೇ ಹೇಳಬೇಕು.

ಅದೇ ವರ್ಷ ಹಿಂಗಾರಿ ಜೋಳ ಬಿತ್ತುವ ಮುಂಚೆ ನೆಲ ಹದ ಮಾಡಲು ಆ ಊರಿಗೆ ಹೋದೆ. ಎರಡನೇ ದಿನ ಕಾಕಾನ ಫೋನ್ ಬಂತು. ಬದು ತುಳೀಬ್ಯಾಡ ಎಂದು ಎರಡು ತಿಂಗಳ ಮೇಲಾಗಿತ್ತು. ಅವರೇ ಹೇಳಿದರು:

"ಎಲ್ಲಾರದೂ ಮುಗಿಸಿ ಬಾ. ನಂದು ಕಡೀಕ ಇರಲಿ."

ಮೂರು ದಿನ ಬಿಟ್ಟು, ಕೊನೆಯ ಹೊಲವಾಗಿ, ಅವರ ಬದು ಇಳಿದೆ. ಮೂಲೆಯಲ್ಲಿ ಅವರಾಗಲೇ ಗುಂಡಿ ತೋಡಿಸಿ, ಪಕ್ಕದಲ್ಲಿ ಎರಡು ಡ್ರಮ್ಮು ನೀರು ತುಂಬಿಸಿ ಇಟ್ಟಿದ್ದರು.